ಅರ್ಧಣ್ಣನ ಆದರೆ

ಅರ್ಧಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಅವನು ಅರ್ಧ ಚಹಾ ಕುಡಿದು ಲೋಟ ಎಲ್ಲಿಟ್ಟೆನೆಂದು ಹುಡುಕುತ್ತಿದ್ದ. ಅರ್ಧ ಮೆಟ್ಟಿಲಲ್ಲಿ ನಿಂತು, ತಾನು ಹತ್ತುತ್ತಿದ್ದೆನೋ ಇಳಿಯುತ್ತಿದ್ದೆನೋ ಎಂದು ಯೋಚಿಸುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಧ ಮಾತಾಡಿ ಸುಮ್ಮನಾಗುತ್ತಿದ್ದ. "ಅಕ್ಕ, ಇವತ್ತು ಬರುವಾಗ..." ಎಂದು ಬಾಯಿ ತೆರೆದವನ ಕಣ್ಣು ಕಿಟಕಿಯಾಚೆಯ ಮೋಡದ ಮೇಲೆ ಬಿತ್ತೆಂದರೆ ಮುಗಿಯಿತು, ಮಾತು ಮೋಡದ ಜೊತೆ ಹೋಯಿತು. ಉಳಿದರ್ಧವನ್ನು ಅಕ್ಕ ಮುಗಿಸುತ್ತಿದ್ದಳು. "ಸೋಪು ತರ್ತೀಯ. ಸರಿ, ತಗೊಂಡ್ಬಾ." ತಾನು ಹೇಳಹೊರಟಿದ್ದು ಸೋಪಿನ ವಿಷಯವೇ ಎಂದು ಅವನಿಗೂ ಆಗಲೇ ಗೊತ್ತಾಗುತ್ತಿತ್ತು. ಅವನಿಗೆ ಮಾತು ಬಂದ ದಿನದಿಂದ ಈ ಏರ್ಪಾಡು ನಡೆದುಬಂದಿತ್ತು, ಈಗ ಅವನ ತಲೆಯೂ ಅರ್ಧ ನರೆತಿತ್ತು.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರು. ತಮ್ಮನನ್ನು ಓದಿಸಿ, ಕೆಲಸಕ್ಕೆ ಸೇರಿಸಿ, ದಿನಾ ಅವನ ಅಂಗಿಯ ಗುಂಡಿ ಸರಿಯಾದ ತೂತಿಗೆ ಬಿದ್ದಿದೆಯೇ ಎಂದು ನೋಡಿ ಬಾಗಿಲಾಚೆ ಕಳಿಸುವಷ್ಟರಲ್ಲಿ ಅವಳ ಮದುವೆಯ ವಯಸ್ಸು ಮೆಲ್ಲಗೆ ಬೇರೆ ಬೀದಿ ಹಿಡಿದು ಹೋಗಿತ್ತು. ಅವಳ ಕನ್ನಡಕದ ಒಂದು ಕಡ್ಡಿ ಮುರಿದು ಬಹಳ ಕಾಲವಾಗಿತ್ತು. ಅದನ್ನು ಹೊಲಿಗೆ ದಾರದಲ್ಲೇ ಸುತ್ತಿ ಕಟ್ಟಿದ್ದಳು. ದಾರ ಸಡಿಲವಾದಾಗಲೆಲ್ಲ ಎರಡು ಬೀದಿ ಆಚೆಯ ಕನ್ನಡಕದ ಅಂಗಡಿಗೆ ಹೋಗಿ ಬರುತ್ತಿದ್ದಳು. ಇತ್ತೀಚೆಗೆ ದಾರ ಅಡಿಗಡಿಗೆ ಸಡಿಲವಾಗುತ್ತಿತ್ತು. ದಿನವಿಡೀ ದಾರದ ಜೊತೆಯೇ ಬದುಕುವವಳಿಗೆ ಒಂದು ಗಂಟು ನೆಟ್ಟಗೆ ಹಾಕಲು ಬಾರದೇ ಎಂದು ಬೀದಿಯಲ್ಲಿ ಎಲ್ಲರೂ ಯೋಚಿಸಿದರು, ಅರ್ಧಣ್ಣನೊಬ್ಬನನ್ನು ಬಿಟ್ಟು.

ಅರ್ಧಣ್ಣನ ಕೆಲಸ ಬಸ್ ಕಂಪನಿಯ ಕಳೆದ ವಸ್ತುಗಳ ಕಚೇರಿಯಲ್ಲಿ. ಇಂಥವನಿಗೆ ಇಂಥ ಕೆಲಸ ಕೊಟ್ಟವರು ಯಾರೋ, ಅವರಿಗೆ ಕೈಮುಗಿಯಬೇಕು. ಬಸ್ಸುಗಳಲ್ಲಿ ಜನ ಮರೆತುಹೋದದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಉದ್ದನೆಯ ಕೋಣೆ, ಎತ್ತರದ ಕಿಟಕಿ, ಗೋಡೆಯುದ್ದಕ್ಕೂ ಕಪಾಟು. ಸೂರಿನಿಂದ ಕೊಡೆಗಳು ತಲೆಕೆಳಗಾಗಿ ತೂಗುತ್ತಿದ್ದವು. ಫ್ಯಾನು ಹಾಕಿದರೆ ಎಲ್ಲವೂ ಒಟ್ಟಿಗೆ ಮೆಲ್ಲನೆ ಉಸಿರಾಡುತ್ತಿದ್ದವು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಒಂಟಿ ಚಪ್ಪಲಿ, ಟಿಫನ್ ಡಬ್ಬಿ, ಯಾರದೋ ಕೊಳಲು, ಯಾರದೋ ಹಲ್ಲಿನ ಸೆಟ್ಟು ಇವೆಲ್ಲದರ ಮೇಲೆ ಸಾವಕಾಶವಾಗಿ ನಡೆದುಹೋಗುವುದನ್ನು ನೋಡುತ್ತ ಅರ್ಧಣ್ಣ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಿದ್ದ. ಅವನನ್ನೂ ಯಾರೋ ಬಸ್ಸಿನಲ್ಲಿ ಮರೆತುಹೋಗಿದ್ದಾರೆಂದು ಹೊಸಬರು ತಿಳಿಯುವುದಿತ್ತು.

ವಾರಕ್ಕೊಮ್ಮೆ ಅವನು ಒಂದು ವರದಿ ಬರೆಯಬೇಕಿತ್ತು. ಅದನ್ನು ಎಲ್ಲ ಬಸ್ ನಿಲ್ದಾಣಗಳ ಬೋರ್ಡಿಗೂ ಅಂಟಿಸುತ್ತಿದ್ದರು. ಕೈಯಲ್ಲಿ ಬರೆಯುವ ಕಾಲದಲ್ಲಿ ಅದರಲ್ಲಿ "ನೀಲಿ ಕೊಡೆ, ಹಿಡಿ ಸವೆದಿದೆ, ತುಂಬಾ ದೂರ ನಡೆಯುವ ಯಾರದೋ ಇರಬೇಕು, ಪಾಪ" ಎಂದೆಲ್ಲ ಇರುತ್ತಿತ್ತು. ಬಸ್ಸಿಗೆ ಕಾಯುವವರಿಗೆ ಓದಲು ಚೆನ್ನಾಗಿತ್ತು. ಹೆಡ್ ಆಫೀಸಿನವರಿಗೆ ಆ "ಪಾಪ" ಹಿಡಿಸಲಿಲ್ಲ. ಇನ್ನು ಮುಂದೆ ವರದಿ ಕಂಪ್ಯೂಟರಿನಲ್ಲೇ ಆಗಬೇಕು, ಮನುಷ್ಯ ಒಂದು ಸೂತ್ರ ಬರೆದುಕೊಟ್ಟರೆ ಸಾಕು, ಉಳಿದದ್ದನ್ನು ಯಂತ್ರವೇ ಬರೆದುಕೊಳ್ಳುತ್ತದೆ ಎಂದು ಆಜ್ಞೆ ಬಂತು.

ಕಚೇರಿಯ ಮೇಡಂ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಸೂತ್ರಕ್ಕೆ ಬೇಕಾದದ್ದು ಮೂರೇ ಪದ: ಆದರೆ, ಆಗ, ಇಲ್ಲದಿದ್ದರೆ. ಒಡೆಯರು ಬಂದದ್ದು ಆದರೆ, ಆಗ "ಕೊಟ್ಟಾಯಿತು" ಎಂದು ಬರೆ, ಇಲ್ಲದಿದ್ದರೆ ಇನ್ನೇನೋ ಬರೆ. ಇದಕ್ಕೆ ಷರತ್ತು ಹಾಕುವುದು ಎಂದು ಹೆಸರು. ಅಷ್ಟೇ. ಆ ಯಂತ್ರಕ್ಕೆ ಕನ್ನಡ ಕಲಿಸಿದ ಮಹಾಶಯರಿಗೆ ಒಂದು ವಿಷಯ ಹೊಳೆದಿರಲಿಲ್ಲ. "ಆದರೆ" ಎಂಬ ಪದ ನಮ್ಮಲ್ಲಿ ಎರಡು ಮನೆಯಲ್ಲಿ ಕೆಲಸಕ್ಕಿದೆ. "ಹಾಗೆ ಆದರೆ ಹೀಗೆ ಮಾಡೋಣ" ಎನ್ನುವಾಗ ಅದು ಬಾಗಿಲು ತೆರೆಯುತ್ತದೆ. "ಮನುಷ್ಯ ಒಳ್ಳೆಯವನೇ, ಆದರೆ" ಎನ್ನುವಾಗ ಅದೇ ಬಾಗಿಲನ್ನು ಮೂಗಿನ ಮುಂದೆ ಮುಚ್ಚುತ್ತದೆ. ಈ ಕಥೆಯ ಅವಾಂತರಕ್ಕೆಲ್ಲ ಅದೇ ಮೂಲ.

ಅರ್ಧಣ್ಣನಿಗೆ ಮಾತ್ರ ಹೊಸ ಲೋಕ ಕಂಡಂತಾಯಿತು. ಪ್ರಪಂಚವೆಲ್ಲ ಮೂರು ಪದದಲ್ಲಿ ಮಡಚಿ ಜೇಬಿಗೆ ಹಾಕಿಕೊಳ್ಳುವಷ್ಟು ಸುಲಭವಾಗಿದ್ದರೆ ಇಷ್ಟು ದಿನ ಯಾರೂ ತನಗೆ ಹೇಳಲಿಲ್ಲವಲ್ಲ ಎಂದು ಅವನಿಗೆ ಬೇಜಾರೂ ಆಯಿತು. ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಕೆಳಮನೆ ಆಂಟಿಗೆ, ತಾನಿನ್ನು ಬರೀ ಗುಮಾಸ್ತನಲ್ಲ, ಸೂತ್ರ ಬರೆಯುವವನು, ಅಂದರೆ ಸೂತ್ರಧಾರ ಎಂದು ಹೇಳಿದ. ಆಂಟಿ ಅವನು ನಾಟಕದ ಕಂಪನಿ ಸೇರಿದನೆಂದು ನಾಲ್ಕು ಮನೆಗೆ ಹೇಳಿಬಂದರು. ಮನೆಯಲ್ಲಿ ಹಾಲು ಕಾಯಿಸಲು ಇಟ್ಟರೆ, "ಅಕ್ಕ, ಹಾಲು ಉಕ್ಕಿದ್ದು ಆದರೆ, ಆಗ ಒಲೆ ಆರಿಸು, ಇಲ್ಲದಿದ್ದರೆ..." ಎಂದು ಗೋಡೆಯ ಮೇಲಿನ ಬೆಳಕು ನೋಡುತ್ತ ನಿಂತ.

"ಇಲ್ಲದಿದ್ರೆ ನೀನೇ ಬಂದು ಕಾಯಿ," ಎಂದು ಅಕ್ಕ ಮುಗಿಸಿದಳು. ಅಷ್ಟರಲ್ಲಿ ಹಾಲು ಉಕ್ಕಿತು.

ಮೊದಲ ವರದಿ ಹೊರಬಿತ್ತು. ಅರ್ಧಣ್ಣ ಬರೆದ ಸೂತ್ರ ಅಲ್ಲವೇ, ಅರ್ಧವೇ ಇತ್ತು. "ಆದರೆ" ಹಾಕಿದ್ದ, "ಆಗ" ಹಾಕಿದ್ದ, "ಇಲ್ಲದಿದ್ದರೆ" ಹಾಕುವ ಹೊತ್ತಿಗೆ ಒಂದು ಪಾರಿವಾಳ ಕಿಟಕಿಗೆ ಬಂದಿತ್ತು. ಹಾಗಾಗಿ ಒಡೆಯರು ಬಾರದ ವಸ್ತುಗಳ ಮುಂದೆ ಬರೀ ಖಾಲಿ ಜಾಗ. ಬಸ್ ನಿಲ್ದಾಣದಲ್ಲಿ ಜನ ಆ ಖಾಲಿ ಜಾಗದಲ್ಲಿ ತಮಗೆ ತೋಚಿದ್ದನ್ನೆಲ್ಲ ಓದಿಕೊಂಡರು. ತನ್ನ ಕೊಡೆ ತೀರಿಕೊಂಡಿತೆಂದು ಒಬ್ಬ ಅಜ್ಜಿ ಕಣ್ಣೀರು ಹಾಕಿದರು. ವಸ್ತುಗಳೇ ಮಾಯವಾಗಿವೆ, ಕಚೇರಿಯವರೇ ನುಂಗಿದ್ದಾರೆ ಎಂದು ಉಳಿದವರು ಗೊಣಗಿದರು. ಹೆಡ್ ಆಫೀಸಿನಿಂದ ಫೋನು ಬಂತು. ಮೇಡಂ ಅರ್ಧಣ್ಣನಿಗೆ ತಾಳ್ಮೆಯಿಂದಲೇ ಹೇಳಿದರು: ಖಾಲಿ ಬಿಟ್ಟರೆ ಜನ ಅಲ್ಲಿ ಕೆಟ್ಟದ್ದನ್ನೇ ತುಂಬುತ್ತಾರೆ, ನಾಳೆ ಬರುವಾಗ "ಇಲ್ಲದಿದ್ದರೆ" ಏನೆಂದು ಯೋಚಿಸಿಕೊಂಡು ಬನ್ನಿ.

ಅದನ್ನೇ ಯೋಚಿಸುತ್ತ ಅವನು ಸಂಜೆ ಮನೆಗೆ ಬರುತ್ತಿದ್ದಾಗ ಕನ್ನಡಕದ ಅಂಗಡಿಯವರು ಒಳಗೆ ಕರೆದರು. ಅವರದು ಒಂಟಿ ಜೀವ, ಮೆತ್ತನೆಯ ದನಿ. ಮಾತಾಡುವಾಗ ಎದುರಿನವರ ಮುಖಕ್ಕಿಂತ ಕೈಯಲ್ಲಿರುವ ಗಾಜನ್ನೇ ಹೆಚ್ಚು ನೋಡುತ್ತಿದ್ದರು. ಅಂದು ಆಗಲೇ ಥಳಥಳ ಹೊಳೆಯುತ್ತಿದ್ದ ಗಾಜನ್ನು ಒರೆಸಿ ಒರೆಸಿ, ಕೊನೆಗೆ ಗಂಟಲು ಸರಿಮಾಡಿಕೊಂಡರು.

"ನಿಮ್ಮ ಅಕ್ಕನ್ನ ಮದ್ವೆ ಆಗ್ಬೇಕು ಅಂತ ಆಸೆ ಇದೆ. ಅವರನ್ನ ಕೇಳ್ದೆ. 'ನನ್ನ ತಮ್ಮ ಒಪ್ಪಿದ್ರೆ ಆಗ್ಲಿ' ಅಂದ್ರು. ನೀವೇನಂತೀರಿ?"

ಅರ್ಧಣ್ಣ ತಲೆಯೆತ್ತಿ ನೋಡಿದ. ಸುತ್ತಲೂ ಗಾಜಿನ ಕಪಾಟಿನಿಂದ ಕಣ್ಣಿಲ್ಲದ ಕನ್ನಡಕಗಳೆಲ್ಲ ಅವನನ್ನೇ ನೋಡುತ್ತಿದ್ದವು. ಆಮೇಲೆ ಸಂತೋಷ ಉಕ್ಕಿತು. "ಕೇಳೋದೇನಿದೆ? ನನಗೆ ಮನಸಾರೆ ಒಪ್ಪಿಗೆ ಇದೆ. ಆದರೆ..." ಎಂದ. ಅಷ್ಟರಲ್ಲಿ ಅವನ ಕಣ್ಣು ಎದುರಿನ ಗೋಡೆಗೆ ಹೋಯಿತು. ಅಲ್ಲಿ ಕಣ್ಣು ಪರೀಕ್ಷೆಯ ಅಕ್ಷರಗಳು ಮೇಲಿನಿಂದ ಕೆಳಕ್ಕೆ ಚಿಕ್ಕದಾಗುತ್ತ, ಇನ್ನೂ ಚಿಕ್ಕದಾಗುತ್ತ, ಇಲ್ಲವೇ ಇಲ್ಲ ಎನ್ನುವಂತಾಗಿ ಬಿಳಿಯಲ್ಲಿ ಕರಗುತ್ತಿದ್ದವು. ಅದರ ಕೆಳಗೆ ಖಾಲಿ ಜಾಗ. ಖಾಲಿ ಜಾಗ ಕಂಡದ್ದೇ ತಡ, ಅರ್ಧಣ್ಣನ ಮನಸ್ಸು ವರದಿಯೊಳಗೆ ಜಾರಿತು. ಕಾಲು ಅಂಗಡಿಯ ಮೆಟ್ಟಿಲಿಳಿದು, ರಸ್ತೆ ದಾಟಿ, ಅವನನ್ನು ಮನೆಗೆ ಕರೆದುಕೊಂಡು ಹೋಯಿತು. ಕನ್ನಡಕದವರು ಒರೆಸುವ ಬಟ್ಟೆ ಹಿಡಿದುಕೊಂಡು ಆ "ಆದರೆ"ಯ ಮುಂದೆ ಒಂಟಿಯಾಗಿ ನಿಂತರು.

ಒಂಟಿಯಾಗಿ ಎನ್ನುವುದೂ ಪೂರ್ತಿ ನಿಜವಲ್ಲ. ಕನ್ನಡಿಯ ಹಿಂದೆ ಕೆಳಮನೆ ಆಂಟಿ ಫ್ರೇಮು ಆರಿಸುತ್ತಿದ್ದರು. ಅವರು ಒಂದೂ ಕೊಳ್ಳದೆ ಎದ್ದುಹೋದರು, ಕೈಗೆ ಅದಕ್ಕಿಂತ ಬೆಲೆಬಾಳುವ ವಸ್ತು ಸಿಕ್ಕಿತ್ತು.

ಬೆಳಗಾಗುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಯಿತು: ತಮ್ಮ ಒಪ್ಪಿದ್ದಾನೆ, ಆದರೆ ಏನೋ ಷರತ್ತು ಹಾಕಿದ್ದಾನೆ. ಏನು ಷರತ್ತು ಎಂದು ತಿಳಿಯದೆ ಆಂಟಿಗೆ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಅರ್ಧಣ್ಣ ಕೆಲಸಕ್ಕೆ ಹೊರಟಾಗ ಮೆಟ್ಟಿಲ ಬುಡದಲ್ಲೇ ಹಿಡಿದರು. "ಏನಪ್ಪಾ, ಷರತ್ತು ಹಾಕಿದೀಯಂತೆ?"

ಆಂಟಿಗೂ ಸೂತ್ರದಲ್ಲಿ ಆಸಕ್ತಿ ಬಂತಲ್ಲ ಎಂದು ಅರ್ಧಣ್ಣನಿಗೆ ಹೆಮ್ಮೆಯಾಯಿತು. "ಹೂಂ ಆಂಟಿ, ಹಾಕ್ಲೇಬೇಕಲ್ಲ. ಬಂದವರು ಗುರುತು ಸರಿಯಾಗಿ ಹೇಳಿದ್ರೆ, ಆಗ ಸಹಿ ಹಾಕಿಸ್ಕೊಂಡು ಕೊಟ್ಟುಬಿಡೋದು."

"ಇಲ್ಲದಿದ್ರೆ?"

"ಅದೇ ನೋಡಿ ಕಷ್ಟ. ಈಗಿನ ನಿಯಮದ ಪ್ರಕಾರ ಒಂದು ವರ್ಷ ಇಟ್ಕೊಂಡಿದ್ದು, ಆಮೇಲೆ ಹರಾಜು."

ಆಂಟಿ ಗೋಡೆ ಹಿಡಿದುಕೊಂಡರು. ತನ್ನನ್ನು ಇಷ್ಟು ವರ್ಷ ಸಾಕಿದ ಅಕ್ಕನನ್ನು ಹರಾಜು ಹಾಕುವುದೇ? ಅದನ್ನು ಈ ಮನುಷ್ಯ ಇಷ್ಟು ತಣ್ಣಗೆ ಹೇಳುವುದೇ? ಹಾಗೆಲ್ಲ ಮಾಡಬಾರದಪ್ಪ, ಪಾಪ ಎಂದು ಅವರು ತೊದಲಿದರು. ಅರ್ಧಣ್ಣ ನಿಟ್ಟುಸಿರು ಬಿಟ್ಟು, ಪಾಪ ಅನ್ನುವುದನ್ನು ಮೇಲಿನವರೇ ತೆಗೆಸಿಬಿಟ್ಟಿದ್ದಾರೆ, ತನ್ನ ಕೈಯಲ್ಲೇನೂ ಇಲ್ಲ ಎಂದು ಸಮಾಧಾನ ಹೇಳಿ ಬಸ್ಸು ಹತ್ತಿದ.

ಮಧ್ಯಾಹ್ನಕ್ಕೆ ಚಿಕ್ಕಪ್ಪ ಕಚೇರಿಗೇ ಬಂದರು. ಮನೆತನದಲ್ಲಿ ಉಳಿದ ಹಿರಿಯರು ಅವರೊಬ್ಬರೇ, ಅದನ್ನು ಅವರು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ. ಇಷ್ಟು ದಿನಕ್ಕೆ ನೀನು ಗಂಡಸಿನ ಹಾಗೆ ಒಂದು ಮಾತಾಡಿದೆ ಎಂದು ಬೆನ್ನು ತಟ್ಟಿದರು. ನನ್ನದೂ ಎರಡು ಷರತ್ತು ಸೇರಿಸಿಕೋ ಎಂದರು. ಸೇರಿಸಬಹುದು ಚಿಕ್ಕಪ್ಪ, ಒಂದರೊಳಗೊಂದು ಎಷ್ಟು ಬೇಕಾದರೂ ಹಾಕಬಹುದು, ಪ್ರತಿಯೊಂದನ್ನೂ ಕೊನೆಯಲ್ಲಿ ಮುಚ್ಚಬೇಕು ಅಷ್ಟೇ ಎಂದು ಅರ್ಧಣ್ಣ ಹೇಳಿದ. ಹುಡುಗ ಇಷ್ಟು ಗಟ್ಟಿಯಾದದ್ದು ಯಾವಾಗ ಎಂದು ಚಿಕ್ಕಪ್ಪ ದಂಗಾಗಿ, ಬೆಂಚಿನ ಮೇಲೆ ಕೂತು ನೀರು ಕೇಳಿದರು.

ಇತ್ತ ಆಂಟಿ ಕನ್ನಡಕದವರ ಅಂಗಡಿಗೆ ಹೋಗಿ, ಗುರುತು, ಸಹಿ, ಹರಾಜು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಂದರು. ಕನ್ನಡಕದವರು ಜಗಳವಾಡುವ ಪೈಕಿಯಲ್ಲ. ಗಾಜು ಕೆಳಗಿಟ್ಟು, ಬಾಗಿಲು ಎಳೆದುಕೊಂಡು, ಬೇರೆ ಊರಿನಲ್ಲಿದ್ದ ತಮ್ಮನ ಮನೆಗೆಂದು ಬಸ್ಸು ಹತ್ತಿದರು. ಯಾವಾಗ ವಾಪಸ್ಸು ಎಂದು ಯಾರಿಗೂ ಹೇಳಲಿಲ್ಲ.

ಸಂಜೆ ಅರ್ಧಣ್ಣ ಮನೆಗೆ ಬಂದಾಗ ಹೊಲಿಗೆ ಯಂತ್ರ ಸುಮ್ಮನಿತ್ತು. ಹೀಗೆ ಅದು ಸುಮ್ಮನಿದ್ದದ್ದನ್ನು ಅವನು ಕಂಡೇ ಇರಲಿಲ್ಲ. ಅಕ್ಕ ಕಿಟಕಿಯ ಬಳಿ ದಾರ ಕಟ್ಟಿದ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅವರು ಊರು ಬಿಟ್ಟು ಹೋದ್ರಂತೆ," ಎಂದಳು. "ನೀನು 'ಆದರೆ' ಅಂದ್ಯಂತೆ. ಆದರೆ ಏನು?"

ಅರ್ಧಣ್ಣ ಬಾಯಿ ತೆರೆದ. ಅದು ಏನೆಂದು ಅವನಿಗೂ ನೆನಪಿರಲಿಲ್ಲ. ಏನೋ ಹೇಳಲು ಹೊರಟಿದ್ದ, ಅದು ನಿಜ. ಕನ್ನಡಕಗಳು, ಗೋಡೆಯ ಅಕ್ಷರ, ಖಾಲಿ ಜಾಗ, ಎಲ್ಲ ನೆನಪಿದೆ, ಮಾತು ಮಾತ್ರ ಇಲ್ಲ. ಅವನು ಯಾವತ್ತಿನಂತೆ ಅಕ್ಕನ ಮುಖ ನೋಡಿದ, ಅವಳು ಮುಗಿಸುತ್ತಾಳೆಂದು ಕಾದ.

ಅಕ್ಕ ತಲೆ ಅಲ್ಲಾಡಿಸಿದಳು. "ಇಷ್ಟು ವರ್ಷ ನಿನ್ನ ಮಾತೆಲ್ಲ ನಾನೇ ಮುಗಿಸಿದೀನಿ ಕಣೋ. ಇದೊಂದು ನೀನೇ ಮುಗಿಸ್ಬೇಕು. ಇದನ್ನ ನಾನು ಮುಗಿಸೋ ಹಾಗಿಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಅರ್ಧಣ್ಣನಿಗೆ ಅಳು ಬಂತು. ತಾನು ಅಕ್ಕನ ಬದುಕಿನ ಬಾಗಿಲಲ್ಲಿ ಒಂದು ಅರ್ಧ ಮಾತನ್ನು ಅಡ್ಡ ಹಾಕಿ ಬಂದಿದ್ದೇನೆ ಎಂದು ಅವನಿಗೆ ಆಗ ಅರ್ಥವಾಯಿತು. ಓಡಿ ಅಂಗಡಿಗೆ ಹೋದ. ಬೀಗ. ಬೀಗಕ್ಕೆ, "ನನಗೆ ಮನಸಾರೆ ಒಪ್ಪಿಗೆ ಇದೆ, ದಯವಿಟ್ಟು ಬನ್ನಿ," ಎಂದು ಹೇಳಿ ನೋಡಿದ. ಮಾತು ಪೂರ್ತಿಯಾಗೇ ಬಂತು. ಕೇಳುವವರು ಮಾತ್ರ ಇರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ. ಮರುದಿನ ಬಸ್ಸಿನಲ್ಲೂ ಅದನ್ನೇ ಹೇಳಿಕೊಂಡ. ಕಂಡಕ್ಟರು ಟಿಕೆಟ್ಟಿಗೆ ಕೈಚಾಚಿದಾಗ ಅವನಿಗೂ ಅದನ್ನೇ ಹೇಳಿಬಿಟ್ಟ.

ಕಚೇರಿಯಲ್ಲಿ ಮೇಡಂ ಬೆನ್ನ ಹಿಂದೆ ನಿಂತರು. ತಿದ್ದಿದ ವರದಿ ಈಗಲೇ ಹೋಗಬೇಕಿತ್ತು. "ಬರೀರಿ. ಒಡೆಯರು ಬಂದದ್ದು ಆದರೆ, ಆಗ 'ಕೊಟ್ಟಾಯಿತು'. ಇಲ್ಲದಿದ್ದರೆ 'ಕಾಯುತ್ತಿದೆ'," ಎಂದು ಹೇಳಿ, ಅವರು ಫೋನು ಬಂತೆಂದು ಆಚೆ ಹೋದರು. ಅರ್ಧಣ್ಣ ಟೈಪು ಮಾಡಿದ. ಫ್ಯಾನು ತಿರುಗುತ್ತಿತ್ತು, ಮೇಲೆ ಕೊಡೆಗಳು ಉಸಿರಾಡುತ್ತಿದ್ದವು, ಕಿಟಕಿಯಿಂದ ಬಿಸಿಲು ಇಳಿಯುತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ಅವನು ಸೂತ್ರವನ್ನು ಕೊನೆಯವರೆಗೂ ಬರೆದು, ಕೊನೆಯ ಬ್ರಾಕೆಟ್ಟನ್ನೂ ಮುಚ್ಚಿದ. ಕಿವಿಯಲ್ಲಿ ಮೇಡಂ ಮಾತಿತ್ತು. ಬೆರಳಲ್ಲಿ ಇದ್ದದ್ದು ಬೇರೆ.

ಮರುದಿನ ಎಲ್ಲ ಬಸ್ ನಿಲ್ದಾಣಗಳ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು. ಒಂಟಿ ಚಪ್ಪಲಿ: ನನಗೆ ಮನಸಾರೆ ಒಪ್ಪಿಗೆ ಇದೆ, ದಯವಿಟ್ಟು ಬನ್ನಿ. ಸ್ಟೀಲ್ ಬಕೆಟ್ಟು: ನನಗೆ ಮನಸಾರೆ ಒಪ್ಪಿಗೆ ಇದೆ, ದಯವಿಟ್ಟು ಬನ್ನಿ. ಕೊಡೆಗಳ ಸಾಲಿಗೆ ಸಾಲೇ ಒಪ್ಪಿ ಕರೆಯುತ್ತಿತ್ತು. ಬಸ್ಸಿಗೆ ಕಾಯುವವರು ಬಸ್ಸು ತಪ್ಪಿಸಿಕೊಂಡು ಓದಿದರು.

ಜನ ಬರತೊಡಗಿದರು. ಇಷ್ಟು ದಿನ ನಾಚಿಕೆಗೆ ಬಾರದಿದ್ದವರೂ ಬಂದರು. ಹಲ್ಲಿನ ಸೆಟ್ಟಿನ ಒಡೆಯರಾದ ಹಿರಿಯರು, ಇಷ್ಟು ಗೌರವದಿಂದ ಯಾರೂ ತಮ್ಮನ್ನು ಕರೆದದ್ದಿಲ್ಲ ಎಂದು ಬೊಚ್ಚುಬಾಯಿಯಲ್ಲಿ ಹೇಳಿ, ಅಲ್ಲೇ ಹಾಕಿಕೊಂಡು ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿದರು. ಕೊಡೆಯ ಅಜ್ಜಿ ತನ್ನ ಕೊಡೆ ಬದುಕಿದ್ದು ನೋಡಿ ಅದರ ಬೆನ್ನು ಸವರಿದರು. ಮೇಡಂಗೆ ಬೈಯಬೇಕೋ ಹೊಗಳಬೇಕೋ ತಿಳಿಯಲಿಲ್ಲ. ಹೆಡ್ ಆಫೀಸಿನವರು ಫೋನಿನಲ್ಲಿ, ಈ ಒಪ್ಪಿಗೆಯನ್ನು ಕೊಟ್ಟ ಅಧಿಕಾರಿ ಯಾರು ಎಂದು ಕೇಳುತ್ತಲೇ ಇದ್ದರು. ಗಲಾಟೆ ನೋಡಲು ಕೆಳಮನೆ ಆಂಟಿ ಬಂದರು. ಷರತ್ತು ಏನಾಯಿತೆಂದು ವಿಚಾರಿಸಲು ಚಿಕ್ಕಪ್ಪ ಬಂದರು. ಅರ್ಧಣ್ಣ ಮರೆತುಬಂದಿದ್ದ ಊಟದ ಡಬ್ಬಿ ಹಿಡಿದು ಅಕ್ಕನೂ ಬಂದಳು. ಅವನ ಮುಖ ನೋಡದೆ ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು.

ಆ ಸಾಲಿನ ಕೊನೆಯಲ್ಲಿ ಕನ್ನಡಕದವರು ನಿಂತಿದ್ದರು.

ಅವರ ಸರದಿ ಬಂತು. ತಮ್ಮನ ಊರಿಗೆ ಹೋಗುವಾಗ ಬಸ್ಸಿನಲ್ಲಿ ಒಂದು ಕನ್ನಡಕ ಮರೆತಿದ್ದೆ, ಬೋರ್ಡು ನೋಡಿ ಬಂದೆ ಎಂದರು. ಅರ್ಧಣ್ಣ ಕಪಾಟಿನತ್ತ ಓಡಹೊರಟವನು ನಿಂತ. ನಿಯಮ ನಿಯಮವೇ, ಗುರುತು ಹೇಳಬೇಕು ಎಂದ. ಅವರು ಕೌಂಟರಿನ ಮರವನ್ನೇ ನೋಡುತ್ತ ಮೆಲ್ಲನೆ ಹೇಳಿದರು. ಬಲಗಣ್ಣಿನ ಗಾಜು ಸ್ವಲ್ಪ ದಪ್ಪ, ಸೂಜಿಗೆ ದಾರ ಪೋಣಿಸಲು ಆ ಕಣ್ಣನ್ನೇ ಹೆಚ್ಚು ಬಳಸುತ್ತಾರೆ. ಎಡಗಿವಿ ಕೂದಲೆಳೆಯಷ್ಟು ಮೇಲಿದೆ, ಆ ಕಡ್ಡಿಯನ್ನು ಬಗ್ಗಿಸಿದೆ. ನಗುವಾಗ ಕೆನ್ನೆ ಎದ್ದು ತಾಗಬಾರದೆಂದು ಕೆಳಗಿನ ಅಂಚನ್ನು ತೇಯ್ದಿದೆ.

ಅಕ್ಕ ತನಗೇ ತಿಳಿಯದೆ ಎಡಗಿವಿ ಮುಟ್ಟಿಕೊಂಡಳು. ಕೆಳಮನೆ ಆಂಟಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಅರ್ಧಣ್ಣ ಕಪಾಟಿನಿಂದ ಕನ್ನಡಕ ತಂದಿಟ್ಟ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. "ಬೋರ್ಡಲ್ಲಿ 'ಮನಸಾರೆ ಒಪ್ಪಿಗೆ ಇದೆ' ಅಂತಿತ್ತು. ಅವತ್ತು ನೀವು ಅದೇ ಮಾತು ಹೇಳಿ 'ಆದರೆ' ಅಂದಿದ್ರಿ. ಆ 'ಆದರೆ' ಏನು ಅಂತ ಗೊತ್ತಾದ್ರೆ ಸಾಕು, ಹೊರಟುಹೋಗ್ತೀನಿ."

ಚಿಕ್ಕಪ್ಪ ಬಾಯಿ ತೆರೆದರು. ಮೇಡಂ ಅವರ ತೋಳು ಹಿಡಿದು ಕೂರಿಸಿದರು. ಅರ್ಧಣ್ಣ ಅಕ್ಕನನ್ನು ನೋಡಿದ. ಅವಳು ತುಟಿ ಬಿಗಿಹಿಡಿದು ನಿಂತಿದ್ದಳು. ಕಿಟಕಿಯ ಹೊರಗೆ ಒಂದು ದೊಡ್ಡ ಬಿಳಿ ಮೋಡ ಬಂದು, ಬಾ ಬಾ ಎನ್ನುವಂತೆ ನಿಂತಿತ್ತು. ಅರ್ಧಣ್ಣ ಅದರತ್ತ ನೋಡಲಿಲ್ಲ. ಆಗ, ಯಾರೂ ಕೈಹಿಡಿದು ಕರೆತರದೆ, ಮರೆತಿದ್ದ ಮಾತು ತಾನಾಗಿಯೇ ಬಂತು.

"ಆದರೆ, ಅಕ್ಕ ಹೋದ್ಮೇಲೆ ನನ್ನ ಮಾತನ್ನ ಯಾರು ಮುಗಿಸ್ತಾರೆ, ಅಂತ ಕೇಳೋಣ ಅಂತಿದ್ದೆ. ಅಷ್ಟೇ."

ಅಕ್ಕ ದಾರ ಕಟ್ಟಿದ ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ನಕ್ಕಳು. "ಅಯ್ಯೋ ಪೆದ್ದೇ, ಮುಗಿಸಿಬಿಟ್ಟೆಯಲ್ಲೋ," ಎಂದಳು. ಕನ್ನಡಕದವರು ಹೊಸ ಕನ್ನಡಕ ಎತ್ತಿ ಅವಳ ಕೈಗಿಟ್ಟರು. ಅವಳು ಹಾಕಿಕೊಂಡು ನಗುತ್ತಲೇ ಇದ್ದಳು, ಕೆನ್ನೆ ಎಲ್ಲೂ ತಾಗಲಿಲ್ಲ. ಅರ್ಧಣ್ಣ ಸಹಿ ಹಾಕಿಸಿಕೊಳ್ಳುವುದನ್ನು ಮರೆತ, ಮೇಡಂ ನೆನಪಿಸಲಿಲ್ಲ. ಸಂಜೆ ಅವರೇ ಕೂತು ಸೂತ್ರ ಸರಿಮಾಡಿದರು. ಒಡೆಯರು ಬಾರದ ವಸ್ತುಗಳ ಮುಂದೆ "ಕಾಯುತ್ತಿದೆ" ಎಂದು ಬರೆದು, ಸ್ವಲ್ಪ ಯೋಚಿಸಿ, ಪಕ್ಕದಲ್ಲಿ "ಪಾಪ" ಎಂದೂ ಸೇರಿಸಿದರು.

ಮದುವೆ ಆಯಿತು. ಎರಡು ಬೀದಿ ಆಚೆಯ ಮನೆಗೆ ಅರ್ಧಣ್ಣ ದಿನಾ ಊಟಕ್ಕೆ ಹೋಗುತ್ತಾನೆ. ಮೊದಲ ದಿನ ಅಕ್ಕ ಒಳಗೆ ಒಲೆಯ ಮುಂದಿದ್ದಳು, ಭಾವ ಎದುರಿಗೆ ಕೂತಿದ್ದರು. ಅರ್ಧಣ್ಣ ಒಂದು ತುತ್ತು ಬಾಯಿಗಿಟ್ಟು, "ಭಾವ, ಸ್ವಲ್ಪ..." ಎಂದು ಹೇಳಿ ಕಿಟಕಿ ನೋಡುತ್ತ ಕೂತ. ಭಾವ ಗಡಿಬಿಡಿಯಿಂದ ಎದ್ದರು. ಸುತ್ತ ನೋಡಿದರು, ಮುಖ ಬೆವರಿತು. ಜೀವನದ ಅತಿ ದೊಡ್ಡ ಪರೀಕ್ಷೆಗೆ ಕೂತವರಂತೆ ಯೋಚಿಸಿ, ಒಂದು ಲೋಟ ತುಂಬಿ ಅವನ ಮುಂದಿಟ್ಟರು. "ನೀರು ತಾನೇ?" ಎಂದು ಕೇಳಿದರು.

ಅರ್ಧಣ್ಣ ಕೇಳಬೇಕೆಂದಿದ್ದದ್ದು ಉಪ್ಪು. ಆದರೆ ಅವನು ಲೋಟ ಎತ್ತಿ, ಒಂದು ಹನಿಯೂ ಉಳಿಸದೆ ಪೂರ್ತಿ ಕುಡಿದ.